ನೆಗ್ಗು ತೆಗೆಸಿ ಕೆಡಿಸಿದ ಕಾಫಿ ಡ್ರಮ್ಮು

ಮಾರ್ಚ್ ಮೊದಲ ವಾರ ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಅಟ್ಟ ಹತ್ತಿದ್ದು ಮೆಟ್ಟುಗತ್ತಿ ಹುಡುಕಲಿಕ್ಕೆ. ಸಿಕ್ಕಿದ್ದು ಕಾಫಿ ಬೀಜ ಹುರಿಯುವ ಡ್ರಮ್ಮು. ಗೋಣಿಚೀಲಗಳ ಕೆಳಗೆ, ಒಡೆದ ಹಂಡೆಯ ಪಕ್ಕ, ಇಲಿ ಹಿಕ್ಕೆಯ ಮಧ್ಯೆ ಮಲಗಿತ್ತು.

ಚಿಕ್ಕವನಿದ್ದಾಗ ಅಜ್ಜಿ ಇದನ್ನು ತಿರುಗಿಸುತ್ತಿದ್ದದ್ದು ನೆನಪಿದೆ. ಹಿಂದಿನ ಜಗಲಿಯಲ್ಲಿ ಕೆಂಡ, ಅದರ ಮೇಲೆ ಎರಡು ಕವೆ ಇರುವ ಕಬ್ಬಿಣದ ಸ್ಟ್ಯಾಂಡು, ಕವೆಯ ಮೇಲೆ ಡ್ರಮ್ಮಿನ ಸರಳು. ಕಿರ್ರ್, ಕಿರ್ರ್ ಅಂತ ಸದ್ದು ಶುರುವಾದರೆ ಮಕ್ಕಳು ಆ ಕಡೆ ಸುಳಿಯುವ ಹಾಗಿರಲಿಲ್ಲ. ಆಗ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. 1942ರ ಕಾಫಿ ಕಾಯ್ದೆಯ ಕಾಲದಿಂದ 1990ರ ದಶಕದವರೆಗೂ ಅದೇ ನಿಯಮ. ಮನೆ ಖರ್ಚಿಗೆ ಅಂತ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು. ನಮ್ಮದು ಅಡಿಕೆ ತೋಟ. ಮಧ್ಯೆ ಅಲ್ಲೊಂದು ಇಲ್ಲೊಂದು ರೊಬಸ್ಟಾ ಜಾತಿಯ ಕಾಫಿ ಗಿಡ. ಬಂದದ್ದೆಲ್ಲ ಮನೆ ಖರ್ಚಿಗೇ ಸರಿಹೋಗುತ್ತಿತ್ತು. ಆಮೇಲೆ ಪೇಟೆಯಿಂದ ಪುಡಿ ತರುವ ಅಭ್ಯಾಸ ಆಯಿತು, ಡ್ರಮ್ಮು ಅಟ್ಟ ಸೇರಿತು.

ಕೆಳಗಿಳಿಸಿ ಅಳೆದೆ. ಉದ್ದ 22 ಸೆಂ.ಮೀ., ಅಡ್ಡಗಲ 15. ತಗಡು ಒಂದೂವರೆ ಮಿ.ಮೀ. ದಪ್ಪ, ಒಳ್ಳೇ ಗಟ್ಟಿ. ಒಂದು ಬದಿಗೆ ಅಂಗೈಯಗಲದ ಬಾಗಿಲು, ಚಿಲಕ ಮುರಿದುಹೋಗಿದೆ. ಹಿಡಿಕೆಯ ಮರ ಹುಳ ಹಿಡಿದು ಪುಡಿ. ಮೈಯೆಲ್ಲ ತುಕ್ಕು. ಡ್ರಮ್ಮಿನ ಹೊಟ್ಟೆಯ ಮೇಲೆ ಉದ್ದುದ್ದಕ್ಕೆ ಮೂರು ಕಡೆ ನೆಗ್ಗಿದೆ, ಬೆರಳು ಮಲಗಿಸಿದರೆ ಕೂರುವಷ್ಟು. ಯಾರೋ ಎತ್ತಿ ಹಾಕಿದ್ದಾರೆ ಅಂದುಕೊಂಡೆ. ಈ ನೆಗ್ಗಿನ ವಿಷಯ ನೆನಪಿಟ್ಟುಕೊಳ್ಳಿ.

ಮೊದಲು ತುಕ್ಕು. ಪೇಟೆಯಲ್ಲಿ ತುಕ್ಕು ತೆಗೆಯುವ ಆಸಿಡ್ ಸಿಗುತ್ತದೆ. ಆದರೆ ಇದರೊಳಗೆ ತಿನ್ನುವ ವಸ್ತು ಬೀಳಬೇಕು. ದೊಡ್ಡಮ್ಮ ಭರಣಿಯಿಂದ ಒಣಗಿಸಿದ ಉಪ್ಪಾಗೆ ಸಿಪ್ಪೆ, ಅಡುಗೆಯಲ್ಲಿ ಹುಳಿಗೆ ಹಾಕುವ ಹಣ್ಣಿನದ್ದು, ತೆಗೆದುಕೊಟ್ಟರು. ಎರಡು ಮುಷ್ಟಿ ಸಿಪ್ಪೆಯನ್ನು ಬಕೆಟ್ ನೀರಲ್ಲಿ ಕುದಿಸಿ, ಡ್ರಮ್ಮನ್ನು ಅದರಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಗ್ಗೆ ನೀರು ಮಸಿಯ ಹಾಗೆ ಕಪ್ಪಾಗಿತ್ತು. ತಂತಿ ಬ್ರಷ್ ಹಿಡಿದು ಉಜ್ಜಿದರೆ ತುಕ್ಕು ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಹುಳಿಯಿಂದ ತೆಗೆದ ಕಬ್ಬಿಣವನ್ನು ಹಾಗೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಕೆಂಪಾಗುತ್ತದೆ. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಆಗಿಯೇ ಹೋಗಿತ್ತು. ಎರಡನೇ ಸಲ ಬುದ್ಧಿ ಬಂತು. ಅಡುಗೆ ಸೋಡಾ ನೀರಲ್ಲಿ ತೊಳೆದು, ಕೂಡಲೇ ಒಲೆಯ ಮೇಲೆ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ, ಹೊಸ ಕಾವಲಿ ಪಳಗಿಸುವ ಹಾಗೆ ಹೊಗೆ ಬರುವವರೆಗೆ ಕಾಯಿಸಿದೆ. ಮೂರು ಸಲ ಹೀಗೆ ಮಾಡಿದ ಮೇಲೆ ಬೆರಳಿಗೆ ಕೆಂಪು ಹತ್ತುವುದು ನಿಂತಿತು.

ನಂತರದ ಭಾನುವಾರ ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತಂದೆ. ಮಂಡಗದ್ದೆ ದಾಟುವಷ್ಟರಲ್ಲಿ ಪಕ್ಕದ ಸೀಟಿನವರು ತಡೆಯಲಾರದೆ ಕೇಳಿದರು, "ಎಂತ ಸಾರ್ ಇದು, ಪಾಪ್‌ಕಾರ್ನ್ ಮಷೀನಾ?" ಪೂರ್ತಿ ತಪ್ಪೇನಲ್ಲ. ಕಾಫಿ ಬೀಜವೂ ಸಿಡಿಯುತ್ತದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಎರಡು ಕೆಲಸ ಮಾಡಿಸಿದೆ. ಎರಡೂ ನನ್ನ ತಲೆಯಿಂದ ಬಂದದ್ದು, ಕೆಲಸದವರ ತಪ್ಪಿಲ್ಲ. ಒಂದು, ಕಾರಿನ ಡೆಂಟ್ ತೆಗೆಯುವವರ ಹತ್ತಿರ ಕೊಟ್ಟು ಮೂರೂ ನೆಗ್ಗು ತೆಗೆಸಿದೆ. ಬಾಗಿಲಿಂದ ಸರಳು ಹಾಕಿ, ಹೊರಗೆ ಸುತ್ತಿಗೆ ಹಿಡಿದು, ಕಾಲು ಗಂಟೆಯಲ್ಲಿ ಡ್ರಮ್ಮನ್ನು ಲೋಟದ ಹಾಗೆ ನುಣ್ಣಗೆ ಮಾಡಿಕೊಟ್ಟರು. ಎರಡು, ಲೇತ್‌ನಲ್ಲಿ ಸವೆದ ಸರಳು ಬದಲಿಸಿ, ತುದಿಗಳನ್ನು 15 ಮಿ.ಮೀ.ಗೆ ಇಳಿಸಿ, ಎರಡು ಕಡೆಗೂ 6202 ಬಾಲ್ ಬೇರಿಂಗ್ ಕೂರಿಸಿದೆ. ಬೆರಳಲ್ಲಿ ಒಂದು ಸಲ ತಳ್ಳಿದರೆ ಡ್ರಮ್ಮು ಹತ್ತು ಸುತ್ತು ತಾನೇ ತಿರುಗುತ್ತಿತ್ತು. ಕಿರ್ರ್ ಅನ್ನುವ ಮಾತೇ ಇಲ್ಲ. ಮನೆಗೆ ಬಂದು ನಾಲ್ಕು ಜನರಿಗೆ ವೀಡಿಯೊ ಕಳಿಸಿದೆ. ಈಗ ಅದನ್ನು ಅಳಿಸಿದ್ದೇನೆ.

ಮೊದಲು ಅರ್ಧ ಕೆ.ಜಿ. ಹಳೇ ಅಕ್ಕಿ ಹುರಿದು ಚೆಲ್ಲಿದೆ. ಬ್ರಷ್ಷಿನ ತಂತಿ ಚೂರು, ಕರಿ ಎಲ್ಲ ಅದರ ಜೊತೆ ಹೋಗಲಿ ಅಂತ. ಆಮೇಲೆ ನಮ್ಮದೇ ತೋಟದ ರೊಬಸ್ಟಾ. ಹಣ್ಣನ್ನು ಹಾಗೇ ಅಂಗಳದಲ್ಲಿ ಒಣಗಿಸಿ ಮಿಲ್ಲಿನಲ್ಲಿ ಸಿಪ್ಪೆ ತೆಗೆಸಿದ ಚೆರಿ ಕಾಫಿ. 500 ಗ್ರಾಂ ತೂಗಿ ಹಾಕಿದೆ. ಈ ಡ್ರಮ್ಮಿಗೆ ಇದಕ್ಕಿಂತ ತುಂಬ ಜಾಸ್ತಿ ಹಾಕಬಾರದು. ಬೀಜ ಹುರಿದಂತೆ ಉಬ್ಬುತ್ತದೆ, ಹೊರಳಲು ಜಾಗ ಬೇಕು. ಕರಟದ ಕೆಂಡ ಮಾಡಿಕೊಂಡು, ಉರಿ ಪೂರ್ತಿ ಆರಿದ ಮೇಲೆ ಡ್ರಮ್ಮು ಏರಿಸಿದೆ.

ಹತ್ತು ನಿಮಿಷಕ್ಕೆ ಬಂದದ್ದು ಕಾಫಿ ವಾಸನೆ ಅಲ್ಲ, ಗ್ಯಾರೇಜಿನ ವಾಸನೆ. ಬೇರಿಂಗಿನ ಗ್ರೀಸು ಕರಗಿ ಕೆಂಡಕ್ಕೆ ತೊಟ್ಟಿಕ್ಕುತ್ತಿತ್ತು. ರಬ್ಬರ್ ಸೀಲು ಸೊಟ್ಟಗಾಗಿ ಹೊರಗೆ ಬಂದಿತ್ತು. ಆ ಸೀಲು ನೂರು ಚಿಲ್ಲರೆ ಡಿಗ್ರಿ ತಡೆಯುವಂಥದ್ದು. ಕೆಂಡದಿಂದ ಒಂದು ಗೇಣು ದೂರದಲ್ಲಿ ಅದನ್ನು ಕೂರಿಸಿದವನು ನಾನು. ಆದರೂ ಹಟ ಬಿಡದೆ ತಿರುಗಿಸಿದೆ.

ಬಾಗಿಲು ತೆಗೆದು ಮೊರಕ್ಕೆ ಸುರಿದೆ. ಅರ್ಧ ಬೀಜ ಇದ್ದಿಲು, ಇನ್ನರ್ಧ ಹಳದಿ. ಒಂದೊಂದು ಬೀಜವನ್ನು ಕೈಲಿ ಹಿಡಿದು ನೋಡಿದರೆ ಇನ್ನೂ ವಿಚಿತ್ರ: ಚಪ್ಪಟೆ ಬದಿ ಕರಕಲು, ಉಬ್ಬಿದ ಬದಿ ತಿಳಿಕಂದು. ಎರಡಾಗಿ ಒಡೆದರೆ ಒಳಗೆ ಹಸಿ. ಆದರೂ ಬೀಸಿ, ಫಿಲ್ಟರಿಗೆ ಹಾಕಿ, ಡಿಕಾಕ್ಷನ್ ಇಳಿಸಿದೆ. ಮೊದಲ ಗುಟುಕಿಗೆ ಸೀದ ವಾಸನೆ, ಹಿಂದೆಯೇ ಹಸಿ ಕಡಲೆ ಜಗಿದ ಹಾಗೆ. ಗ್ರೀಸ್ ಬೇರೆ. ಒಂದೇ ಲೋಟದಲ್ಲಿ ಹೆಚ್ಚು ಹುರಿದದ್ದೂ ಕಡಿಮೆ ಹುರಿದದ್ದೂ ಎರಡೂ ಸಿಗಬಹುದು ಅಂತ ಅವತ್ತು ಗೊತ್ತಾಯಿತು.

ದೊಡ್ಡಮ್ಮ ಮೊರ ನೋಡಿದರು, ಡ್ರಮ್ಮು ನೋಡಿದರು, ಮೇಲೆ ಕೈಯಾಡಿಸಿದರು.

"ನೆಗ್ಗು ಎಲ್ಲಿ ಹೋಯ್ತು?"

"ತೆಗೆಸಿದೆ ದೊಡ್ಡಮ್ಮ."

"ಎಂತಕ್ಕೆ ಮಾರಾಯ? ಅದು ಬಿದ್ದು ನೆಗ್ಗಿದ್ದಲ್ಲ. ಅತ್ತೆ ಗುದ್ದಿಸಿದ್ದು. ಹೊಸತರಲ್ಲಿ ಬೀಜ ಹೀಗೇ ಸೀಯ್ತಿತ್ತಂತೆ."

"ಮೊದಲೇ ಹೇಳಬಾರದಿತ್ತಾ?"

"ನೀ ಕೇಳಿದ್ಯಾ?"

ಆ ಮೇಲೆ ಸರಿಯಾಗಿ ಕೂತು ನೋಡಿದೆ. ಅಡುಗೆ ಸೋಡಾ ಡಬ್ಬಿಯಲ್ಲಿ ಒಂದಿಷ್ಟು ಹಸಿ ಬೀಜ ಹಾಕಿ ಅಡ್ಡ ಹಿಡಿದು ತಿರುಗಿಸಿದರೆ ಏನಾಗುತ್ತದೆ? ಬೀಜ ಕೆಳಗೇ ಇರುತ್ತದೆ. ಡಬ್ಬಿ ಅದರಡಿ ಜಾರಿ ಹೋಗುತ್ತದೆ. ಸರ್ ಸರ್ ಅಂತ ಸದ್ದು. ಕಾಫಿ ಬೀಜಕ್ಕೆ ಒಂದು ಬದಿ ಚಪ್ಪಟೆ ಬೇರೆ. ಅದೇ ಬದಿ ತಗಡಿಗೆ ಅಂಟಿಕೊಂಡು ಜಾರುತ್ತದೆ, ಅದೇ ಸೀಯುತ್ತದೆ. ಒಳಗೆ ಒಂದು ಏಣು ಇದ್ದರೆ ಬೀಜ ಅದರ ಮೇಲೆ ಹತ್ತಿ, ಅರ್ಧ ಎತ್ತರಕ್ಕೆ ಹೋಗಿ, ಮಗುಚಿ ಬೀಳುತ್ತದೆ. ಹೊರಗಿನ ನೆಗ್ಗೇ ಒಳಗಿನ ಏಣು. ದೊಡ್ಡ ಹುರಿಯುವ ಯಂತ್ರಗಳಲ್ಲೂ ಒಳಗೆ ರೆಕ್ಕೆಯ ಹಾಗೆ ಪಟ್ಟಿ ಇರುತ್ತವೆ, ಇದೇ ಕಾರಣಕ್ಕೆ. ನನಗೆ ಅದು ಗೊತ್ತಿತ್ತು ಕೂಡ. ಅಟ್ಟದ ಡ್ರಮ್ಮಿಗೆ ಅದನ್ನು ಹೊಂದಿಸಿ ನೋಡುವ ಬುದ್ಧಿ ಬರಲಿಲ್ಲ ಅಷ್ಟೇ.

ಮತ್ತೆ ನೆಗ್ಗಿಸೋಣ ಅಂದರೆ ಒಂದು ಸಲ ಹೊರಗೆಳೆದ ತಗಡು ಅದೇ ಜಾಗದಲ್ಲಿ ಸೀಳಬಹುದು ಅನ್ನಿಸಿತು. ಪಟ್ಟಿ ಕೂರಿಸುವುದೇ ಸರಿ. ಒಂದು ಮಾತು: ಬಿಳಿ ಹೊಳಪಿನ ಜಿಐ ತಗಡಿನ ಚೂರು ಮನೆಯಲ್ಲಿದ್ದರೂ ಇಂಥ ಕೆಲಸಕ್ಕೆ ಬಳಸಬೇಡಿ. ಅದರ ಮೇಲಿರುವುದು ಸತು. ಹುಳಿಗೂ ಬಿಸಿಗೂ ಸತು ಆಗಿಬರುವುದಿಲ್ಲ, ಬೆಸುಗೆ ಹಾಕಿದರೆ ಹೊಗೆಯೂ ಕೆಟ್ಟದ್ದು. ಸಾದಾ ಕಬ್ಬಿಣದ ಪಟ್ಟಿ ತಂದು, 12 ಸೆಂ.ಮೀ. ಉದ್ದದ ಮೂರು ತುಂಡು ಮಾಡಿ, ಎಲ್ ಆಕಾರಕ್ಕೆ ಬಗ್ಗಿಸಿದೆ. ಒಂದು ಮಗ್ಗುಲು ಡ್ರಮ್ಮಿಗೆ ಅಂಟಲಿಕ್ಕೆ, ಇನ್ನೊಂದು 18 ಮಿ.ಮೀ. ಎದ್ದು ನಿಲ್ಲಲಿಕ್ಕೆ.

ಬೆಸುಗೆ ಹಾಕಿಸಲು ಹೋದೆ. ಮೊದಲ ಚುಕ್ಕೆಗೇ ತಗಡು ತೂತು. ತೆಳು ತಗಡಿಗೆ ಕಡ್ಡಿ ವೆಲ್ಡಿಂಗ್ ಜಾಸ್ತಿಯಾಯಿತು. ವೆಲ್ಡರ್ ಅವರೇ "ಇದಕ್ಕೆ ರಿವಿಟ್ ಹೊಡೀರಿ ಸಾರ್, ಸುಮ್ನೆ ಯಾಕೆ ಡ್ರಮ್ ಹಾಳು ಮಾಡ್ತೀರಿ" ಅಂದರು. ಆ ತೂತಿನ ಮೇಲೇ ಮೊದಲ ರಿವಿಟ್ ಬರುವ ಹಾಗೆ ಹೊಂದಿಸಿಕೊಂಡೆ.

ರಿವಿಟ್ ಗನ್ ಹೊರಗಿಂದ ಹೊಡೆಯಬಹುದು, ಸರಿ. ಒಳಗಿನ ಪಟ್ಟಿಯನ್ನು ಹಿಡಿಯುವವರು ಯಾರು? ಬಾಗಿಲಲ್ಲಿ ನನ್ನ ಕೈ ಮಣಿಕಟ್ಟಿನವರೆಗೆ ಹೋಗುವುದಿಲ್ಲ. ಇಕ್ಕಳ ಜಾರುತ್ತದೆ. ಒಂದು ಸಂಜೆ ಪೂರ್ತಿ ಬೆವರಿಳಿಸಿದೆ. ಕೊನೆಗೆ ಹಳೇ ಸ್ಪೀಕರಿನ ಆಯಸ್ಕಾಂತ ನೆನಪಾಯಿತು. ಡ್ರಮ್ಮಿನ ಹೊರಗೆ ಆಯಸ್ಕಾಂತ ಇಟ್ಟರೆ ಒಳಗಿನ ಪಟ್ಟಿ ಟಪ್ ಅಂತ ಬಂದು ಕಚ್ಚಿಕೊಂಡಿತು. ಆಯಸ್ಕಾಂತ ಸರಿಸಿದ ಹಾಗೆ ಪಟ್ಟಿಯೂ ಸರಿಯಿತು. ಜಾಗ ನೋಡಿಕೊಂಡು ಡ್ರಿಲ್ ಮಾಡಿ, ಉಕ್ಕಿನ ರಿವಿಟ್ ಹೊಡೆದೆ. ಒಂದು ಪಟ್ಟಿಗೆ ಮೂರು. ಈ ಇಡೀ ರಿಪೇರಿಯಲ್ಲಿ ನನಗೆ ಖುಷಿ ಕೊಟ್ಟ ಒಂದೇ ಸಂಜೆ ಅದು.

ಬೇರಿಂಗ್ ತೆಗೆದು ಗನ್‌ಮೆಟಲ್ ಬುಶ್, ಅಂದರೆ ಸರಳು ಕೂತು ತಿರುಗುವ ಕಂಚಿನ ಬಳೆ, ಹಾಕಿಸಿದೆ. ಎಣ್ಣೆ ಇಲ್ಲ, ಗ್ರೀಸ್ ಇಲ್ಲ. 6ಬಿ ಪೆನ್ಸಿಲ್ ಕಡ್ಡಿಯನ್ನು ಬ್ಲೇಡಿನಲ್ಲಿ ಕೆರೆದು ಬಂದ ಪುಡಿಯನ್ನೇ ಬುಶ್ಶಿಗೆ ಸವರಿದೆ. ಗ್ರಾಫೈಟ್ ಈ ಬಿಸಿಗೆ ಜಪ್ಪಯ್ಯ ಅನ್ನುವುದಿಲ್ಲ. ಸರಳಿನ ತುದಿಯಲ್ಲಿ ಎರಡು ಮಿ.ಮೀ. ಸಂದು ಬಿಟ್ಟೆ. ಕಾದ ಸರಳು ಕೂದಲೆಳೆಯಷ್ಟಾದರೂ ಉದ್ದವಾಗುತ್ತದೆ, ಬಿಗಿ ಕೂರಿಸಿದರೆ ಮಧ್ಯದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಹಿಡಿಕೆಗೆ ಹಲಸಿನ ಮರದ ತುಂಡು. ಚಿಲಕಕ್ಕೆ ಸದ್ಯಕ್ಕೆ ಕಟ್ಟುವ ತಂತಿ.

ಏಪ್ರಿಲ್ ಕೊನೆಗೆ ಎರಡನೇ ಸಲ ಕೆಂಡ ಮಾಡಿದೆ. ತಿರುಗಿಸಲು ಶುರು ಮಾಡಿದ ಕೂಡಲೇ ಸದ್ದೇ ಬೇರೆ. ಜಲ್, ಜಲ್, ಜಲ್. ಸುತ್ತಿಗೆ ಮೂರು ಸಲ ಬೀಜ ಮಗುಚುತ್ತಿತ್ತು. ನಿಮಿಷಕ್ಕೆ 40 ಸುತ್ತು ಲೆಕ್ಕ ಇಟ್ಟುಕೊಂಡೆ.

ಆರನೇ ನಿಮಿಷಕ್ಕೆ ಹುಲ್ಲು ಬೇಯಿಸಿದ ವಾಸನೆ ಹೋಗಿ ರೊಟ್ಟಿ ವಾಸನೆ ಬಂತು. ಅಂದರೆ ಬೀಜ ಹಳದಿಯಾಗಿದೆ, ಒಳಗಿನ ತೇವ ಹೋಗುತ್ತಿದೆ. ಹಸಿ ಬೀಜದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ನೀರೇ ಇರುತ್ತದೆ. ಹನ್ನೆರಡನೇ ನಿಮಿಷಕ್ಕೆ ಒಂದು ಟಪ್. ಸುಮ್ಮನೆ. ಮತ್ತೊಂದು ಟಪ್. ಆಮೇಲೆ ಜೋಳದ ಅರಳಿನ ಹಾಗೆ ಒಂದರ ಹಿಂದೊಂದು. ಇದು ಮೊದಲ ಸಿಡಿತ, ಬೀಜ 200 ಡಿಗ್ರಿ ಆಸುಪಾಸಿಗೆ ಬಂದಾಗ ಒಳಗಿನ ಆವಿ ಬಿರುಕು ಬಿಟ್ಟುಕೊಂಡು ಬರುವ ಸದ್ದು. ಅದು ನಿಂತು ಸ್ವಲ್ಪ ಹೊತ್ತು ಮೌನ. ಬಿಡದೆ ತಿರುಗಿಸುತ್ತಾ ಹೋದರೆ ಎರಡನೇ ಸಿಡಿತ. 225 ಡಿಗ್ರಿ ಹತ್ತಿರ. ಅದರ ಸದ್ದು ಸಣ್ಣದು, ಚುರುಕು. ದೃಷ್ಟಿ ತೆಗೆದು ಒಲೆಗೆ ಹಾಕಿದ ಉಪ್ಪು ಚಿಟಪಟ ಅನ್ನುತ್ತದಲ್ಲ, ಹಾಗೆ. ಡ್ರಮ್ಮಿನೊಳಗೆ ಕಣ್ಣು ಹಾಕಲಿಕ್ಕೆ ಆಗುವುದಿಲ್ಲ. ಕಿವಿ, ಮೂಗು, ಇವೆರಡೇ. ಕಿರುಗುಟ್ಟುವ ಸರಳಿದ್ದೂ ಅಜ್ಜಿ ಇದನ್ನು ಹೇಗೆ ಕೇಳಿಸಿಕೊಳ್ಳುತ್ತಿದ್ದರೋ.

ಇಳಿಸಿದ ಮೇಲಿನ ಐದು ನಿಮಿಷ ಹುರಿದಷ್ಟೇ ಮುಖ್ಯ. ಬೀಜ ತನ್ನ ಬಿಸಿಗೆ ತಾನೇ ಹುರಿಯುತ್ತಾ ಹೋಗುತ್ತದೆ. ದೊಡ್ಡಮ್ಮ ಮೊರ ತೆಗೆದುಕೊಂಡು ಜಗಲಿಯ ಅಂಚಿಗೆ ಹೋಗಿ ಕೇರಿದರು. ಬೆಳ್ಳಿ ಬಣ್ಣದ ಹೊಟ್ಟು ಅಂಗಳದ ತುಂಬ ಹಾರಿತು. ಕೇರಿದ್ದಕ್ಕೆ ತಣ್ಣಗೂ ಆಯಿತು, ಚೊಕ್ಕಟವೂ ಆಯಿತು. ನಾನು ಟೇಬಲ್ ಫ್ಯಾನ್ ತಂದಿಟ್ಟಿದ್ದೆ. ಬೇಕಾಗಲಿಲ್ಲ. ಕರೆಂಟೂ ಇರಲಿಲ್ಲ ಅನ್ನಿ.

ಮೇ ತಿಂಗಳಲ್ಲಿ ಹಟಕ್ಕೆ ಬಿದ್ದು ಹೋಲಿಸಿ ನೋಡಿದೆ. ಕೊಪ್ಪದ ಕಡೆಯ ನೆಂಟರು ಎರಡು ಕೆ.ಜಿ. ಅರೇಬಿಕಾ (ಕಾಫಿಯ ಇನ್ನೊಂದು ಜಾತಿ) ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಕಾಫಿ, ಕೊಟ್ಟಿದ್ದರು, ಎಸ್. 795 ತಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ತಳಿ ಇದು. ಇವತ್ತಿಗೂ ಬೆಳೆಗಾರರು ಬಿಟ್ಟಿಲ್ಲ. ಅದನ್ನೂ ನಮ್ಮ ರೊಬಸ್ಟಾವನ್ನೂ ಮೂರು ಮೂರು ಹದಕ್ಕೆ ಹುರಿದೆ. ಮೊದಲ ಸಿಡಿತ ಮುಗಿಯುತ್ತಲೇ ಇಳಿಸಿದ್ದು, ಎರಡರ ನಡುವಿನ ಮೌನದಲ್ಲಿ ಇಳಿಸಿದ್ದು, ಎರಡನೇ ಸಿಡಿತ ಶುರುವಾದ ಮೇಲೆ ಇಳಿಸಿದ್ದು. ಐನೂರು ಗ್ರಾಂ ಹಾಕಿದರೆ ಮೌನದಲ್ಲಿ ಇಳಿಸಿದ್ದು 425 ಗ್ರಾಂ ತೂಗಿತು, ಕೊನೆಯದು 405. ಹುರಿದ ದಿನವೇ ಕುಡಿದು ತೀರ್ಪು ಕೊಡಬೇಡಿ. ಹೊಸದಾಗಿ ಹುರಿದ ಬೀಜ ಗಾಳಿ ಬಿಡುತ್ತಿರುತ್ತದೆ, ಫಿಲ್ಟರಿನಲ್ಲಿ ಪುಡಿ ಉಬ್ಬಿ ನೀರು ಸರಿಯಾಗಿ ಇಳಿಯುವುದಿಲ್ಲ. ನಾನು ಎರಡು ದಿನ ಬಿಟ್ಟೆ.

ಎಲ್ಲದಕ್ಕೂ 30 ಗ್ರಾಂ ಪುಡಿ, 150 ಮಿ.ಲೀ. ನೀರು. ಮೊದಲು ಹಾಲಿಲ್ಲದೆ. ಅರೇಬಿಕಾ ಎಳೆ ಹುರಿತ ಮುರುಗಲು ನೀರಿನಷ್ಟು ಹುಳಿ. ಕೆಟ್ಟ ಹುಳಿ ಅಲ್ಲ. ಬಿಸಿಲಲ್ಲಿ ಬಂದವರಿಗೆ ತಣ್ಣಗೆ ಕೊಡಬಹುದು. ಆದರೆ ಹಾಲು ಬಿದ್ದ ಕೂಡಲೇ ಅದರ ಕಥೆ ಮುಗಿಯಿತು, ನೀರು ನೀರು. ಅದೇ ಬೀಜ ಮೌನದಲ್ಲಿ ಇಳಿಸಿದಾಗ ಹುಳಿ ಹಿಂದೆ ಸರಿದು ಬೆಲ್ಲದ ಪಾಕದ ಘಮ ಮುಂದೆ ಬಂತು. ಇದು ನನ್ನ ಲೋಟ. ಎರಡನೇ ಸಿಡಿತದ್ದು ಎಲ್ಲ ಕಾಫಿಯ ಹಾಗೇ ಇತ್ತು, ಅರೇಬಿಕಾ ಅಂತ ಹೇಳಿಕೊಳ್ಳುವ ಗುರುತು ಏನೂ ಉಳಿದಿರಲಿಲ್ಲ.

ರೊಬಸ್ಟಾ ಉಲ್ಟಾ. ಎಳೆಯದರಲ್ಲಿ ಹಸಿ ಕಡಲೆ. ಮಧ್ಯದ್ದು ಪರವಾಗಿಲ್ಲ. ಎರಡನೇ ಸಿಡಿತದ ಬಾಯಿಗೆ ತಂದು ಇಳಿಸಿದ್ದಕ್ಕೆ ಹಾಲು ಹಾಕಿದರೆ ದಪ್ಪ, ಕಹಿ, ಮೇಲೆ ಕೆನೆಯಂಥ ನೊರೆ. ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಇರುವುದರಿಂದ ಸಂಜೆ ಎರಡು ಲೋಟ ಕುಡಿದು ರಾತ್ರಿ ಒಂದು ಗಂಟೆಗೆ ಜಂತಿ ಎಣಿಸಿದೆ.

ಚಿಕೋರಿ ಬಗ್ಗೆ ಜಗಳ ಬೇಡ, ಆದರೆ ಮನೆಯಲ್ಲೇ ಹುರಿದ ಬೀಜಕ್ಕೆ ಹಾಕಿ ನೋಡಿದಾಗ ಅದರ ಕೆಲಸ ಏನು ಅಂತ ತಿಳಿಯಿತು. ಅದು ಒಂದು ಬೇರು. ಕೆಫೀನ್ ಇಲ್ಲ. ಬಣ್ಣ, ದಪ್ಪ, ಒಂದು ಥರ ಸೀದ ಸಕ್ಕರೆಯ ಸಿಹಿ ಕೊಡುತ್ತದೆ. ಪೇಟೆ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ ಅನ್ನುವುದು ಕಾನೂನು. ಅಂದರೆ ಉಳಿದ ಅರ್ಧದ ಹತ್ತಿರ ಚಿಕೋರಿಯೇ ಇರಬಹುದು. ನೂರಕ್ಕೆ 15 ಹಾಕಿದೆ, ಹಿಡಿಸಿತು. 30 ಹಾಕಿದಾಗ ಆರು ಹುರಿತವೂ ಒಂದೇ ರುಚಿ. ಇಷ್ಟೆಲ್ಲ ರಿವಿಟ್ ಹೊಡೆದದ್ದು ಯಾವ ಭಾಗ್ಯಕ್ಕೆ?

ಕೊನೆಗೆ ದೊಡ್ಡಮ್ಮನ ಮುಂದೆ ಮೂರು ಲೋಟ ಇಟ್ಟೆ. ಯಾವುದು ಯಾವುದು ಅಂತ ಹೇಳಲಿಲ್ಲ, ತಳಕ್ಕೆ ದಾರ ಕಟ್ಟಿ ಗುರುತು ಇಟ್ಟಿದ್ದೆ. ಅವರಿಗೆ ಜೋನಿ ಬೆಲ್ಲವೇ ಆಗಬೇಕು. ಹಾಲಿನ ಜೊತೆ ಬೆಲ್ಲ ಕುದಿಸಿ ಮೊದಲ ಸುತ್ತು ಒಡೆದುಹೋಯಿತು. ಎರಡನೇ ಸಲ ಕಾಫಿ ಬೆರೆಸಿ ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಿದೆ. ಅವರು ಒಂದೊಂದೇ ಗುಟುಕು ಕುಡಿದು, ಬರೀ ಅರೇಬಿಕಾ ಇದ್ದ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಇದು ಕಷಾಯ." ನನ್ನ ಲೋಟ ಅದು! ಬರೀ ರೊಬಸ್ಟಾ "ಗಂಟಲು ಹಿಡಿಯುತ್ತೆ." ಮೂರನೆಯದು ಅರೇಬಿಕಾ 60, ರೊಬಸ್ಟಾ 40, ಚಿಕೋರಿ ಇಲ್ಲ. ಅದನ್ನು ತಳದವರೆಗೆ ಕುಡಿದರು. ಹೊಗಳಲಿಲ್ಲ. ಲೋಟ ಕೆಳಗಿಟ್ಟು, "ನಿನ್ನ ಡ್ರಮ್ಮು ಸದ್ದೇ ಮಾಡಲ್ಲ ಮಾರಾಯ. ತಿರುಗಿಸ್ತಿದೀಯೋ ನಿದ್ದೆ ಹೊಡೀತಿದೀಯೋ ಒಳಗಿದ್ದೋರಿಗೆ ಗೊತ್ತಾಗಲ್ಲ" ಅಂದರು.

ಈಗ ಜೂನ್. ಮಳೆ ಹಿಡಿದಿದೆ. ಕರಟ ಒದ್ದೆಯಾದರೆ ಹೊಗೆ, ಹೊಗೆಯಾದರೆ ಕಾಫಿಗೆ ಅದೇ ವಾಸನೆ, ಹಾಗಾಗಿ ಕರಟವನ್ನೆಲ್ಲ ಅಟ್ಟಕ್ಕೆ ಸಾಗಿಸಿದ್ದೇನೆ. ಹುರಿದ ಬೀಜ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ವಾರಕ್ಕೆ ಬೇಕಾದಷ್ಟೇ ಹುರಿಯುವುದು. ಚಿಲಕ ಇನ್ನೂ ತಂತಿಯದ್ದೇ. ಬಿಸಿ ಡ್ರಮ್ಮಿನ ತಂತಿಯನ್ನು ಇಕ್ಕಳದಲ್ಲಿ ಬಿಚ್ಚುವಷ್ಟರಲ್ಲಿ 20 ಸೆಕೆಂಡು ಹೋಗುತ್ತದೆ, ಬೀಜ ಅಷ್ಟರಲ್ಲಿ ಇನ್ನೊಂದು ಬಣ್ಣ ಕಪ್ಪಾಗುತ್ತದೆ. ಆದ್ದರಿಂದ ಬೇಕಾದ ಹದಕ್ಕಿಂತ ಸ್ವಲ್ಪ ಮೊದಲೇ ಇಳಿಸುತ್ತಿದ್ದೇನೆ. ಸರಿಯಾದ ಚಿಲಕ ಮಾಡಿಸಲು ಮತ್ತೆ ಡ್ರಮ್ಮು ಹೊತ್ತು ಶಿವಮೊಗ್ಗಕ್ಕೆ ಹೋಗುವುದು ಮಳೆ ಬಿಟ್ಟ ಮೇಲೇ. ಹೋಗುವ ಮೊದಲು ದೊಡ್ಡಮ್ಮನನ್ನು ಕೇಳಬೇಕು, ಹಳೇ ಚಿಲಕ ಹೇಗಿತ್ತು ಅಂತ.